ಎಲ್ಲವೂ ತುಂಬಿದ ಮನೆ

ಕಲ್ಲುಗುಂಡಿಯ ಉಲ್ಲಾಸನಿಗೆ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ವೈರಿ ಇದ್ದ. ಅವನ ಹೆಸರು ‘ಇಲ್ಲ’.

ಉಲ್ಲಾಸ ಮಾಡುವುದು ವಿಮೆಯ ಏಜೆಂಟ್‌ಗಿರಿ. ಸಂಪಾಜೆಯಿಂದ ಸುಳ್ಯದವರೆಗೆ ರಸ್ತೆಯ ಎರಡೂ ಬದಿಯ ಮನೆಗಳ ನಾಯಿಗಳಿಗೆ ಅವನ ಸ್ಕೂಟರಿನ ಸದ್ದು ಗೊತ್ತು. ನಾಯಿ ಬೊಗಳುತ್ತದೆ, ಮನೆಯ ಯಜಮಾನ ಹೊರಗೆ ಬರುತ್ತಾನೆ, ಉಲ್ಲಾಸನ ಚೀಲ ನೋಡುತ್ತಾನೆ, ಉಲ್ಲಾಸ ಬಾಯಿ ತೆರೆಯುವ ಮೊದಲೇ ‘ಇಲ್ಲ’ ಎನ್ನುತ್ತಾನೆ. ತುಳುವಿನವರು ‘ಇಜ್ಜಿ’ ಎನ್ನುತ್ತಾರೆ. ಗೌಡರ ಮನೆಗಳಲ್ಲಿ ಅರೆಭಾಷೆಯ ‘ಇಲ್ಲೆ’. ಗಡಿಯಾಚೆಯಿಂದ ಬಂದು ನೆಲೆಸಿದವರು ಮಲೆಯಾಳದಲ್ಲಿ ಹೇಳಿದರೂ ಅದು ‘ಇಲ್ಲ’ವೇ. ಒಂದೇ ದಿನದಲ್ಲಿ ಇಷ್ಟು ಭಾಷೆಗಳಲ್ಲಿ ಬೇಡವೆನಿಸಿಕೊಳ್ಳುವ ಭಾಗ್ಯ ನಮ್ಮ ಸುಳ್ಯ ತಾಲೂಕಿನವರಿಗಲ್ಲದೆ ಬೇರೆ ಯಾರಿಗೂ ಸಿಗಲಾರದು. (ಬಹುಭಾಷಾ ಸಂಸ್ಕೃತಿ ಎಂದು ಭಾಷಣ ಬಿಗಿಯುವವರು ಈ ಕಡೆಯನ್ನೂ ಸ್ವಲ್ಪ ಗಮನಿಸಬೇಕು.)

ಅದನ್ನಾದರೂ ಅವನು ಸಹಿಸಿಕೊಳ್ಳುತ್ತಿದ್ದ. ಆದರೆ ಆ ಹಾಳು ಶಬ್ದ ಅವನ ತಮ್ಮ ಸುಜಯ್‌ನ ಮದುವೆಗೂ ಅಡ್ಡಗಾಲು ಹಾಕಿತ್ತು. ಸುಜಯ್ ಪೇಟೆಯಲ್ಲಿ ವಾಹನ ರಿಪೇರಿಯ ವರ್ಕ್‌ಶಾಪ್ ಇಟ್ಟುಕೊಂಡಿದ್ದಾನೆ. ಕೈಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಜಿಪುಣ. ಇಂಜಿನಿನ ಜೊತೆ ಆಡುವಷ್ಟು ಮಾತನ್ನು ಮನುಷ್ಯರ ಜೊತೆ ಆಡುವವನಲ್ಲ. ವಯಸ್ಸು ಮೂವತ್ತೈದು ದಾಟಿತ್ತು. ಬಂದ ಸಂಬಂಧಗಳೆಲ್ಲ ಪ್ರಶ್ನೋತ್ತರ ಕಲಾಪದಲ್ಲೇ ಬಿದ್ದುಹೋಗುತ್ತಿದ್ದವು. ‘ಸರಕಾರಿ ಕೆಲಸ ಉಂಟಾ?’ ‘ಇಲ್ಲ.’ ‘ಬೆಂಗಳೂರಲ್ಲಿ ಸೈಟ್ ಉಂಟಾ?’ ‘ಇಲ್ಲ.’ ‘ಕಾರು?’ ‘ರಿಪೇರಿಗೆ ಬಂದದ್ದು ಉಂಟು, ನಮ್ಮದು ಇಲ್ಲ.’ ಚಾದ ಲೋಟ ತಣಿಯುವ ಮೊದಲೇ ಸಂಬಂಧ ತಣಿಯುತ್ತಿತ್ತು. ಬಂದವರು ‘ತಿಳಿಸ್ತೇವೆ’ ಎಂದು ಹೇಳಿ ಹೋಗುತ್ತಿದ್ದರು, ತಿಳಿಸುತ್ತಿರಲಿಲ್ಲ.

ಹೀಗಿರುವಾಗ ಉಲ್ಲಾಸ ಪುತ್ತೂರಿನಲ್ಲಿ ನಡೆದ ವ್ಯಕ್ತಿತ್ವ ವಿಕಸನ ಶಿಬಿರವೊಂದಕ್ಕೆ ಹೋದ. ಏಪ್ರಿಲ್ ತಿಂಗಳ ಸೆಕೆಯಲ್ಲೂ ಕೋಟು ಬಿಚ್ಚದ ತರಬೇತುದಾರರು ವೇದಿಕೆಯ ಮೇಲೆ ಅತ್ತಿಂದಿತ್ತ ನಡೆಯುತ್ತಾ ಗುಡುಗಿದರು: “ನೀವು ಏನನ್ನು ಹೇಳುತ್ತೀರೋ ಅದೇ ಆಗುತ್ತದೆ. ಇಲ್ಲ ಎಂದರೆ ಇಲ್ಲವಾಗುತ್ತದೆ. ಇಲ್ಲ, ಅಲ್ಲ, ಬೇಡ, ಈ ಮೂರನ್ನೂ ಇವತ್ತೇ ಬಾಯಿಯಿಂದ ಗಡೀಪಾರು ಮಾಡಿ! ತಪ್ಪಿ ಬಾಯಿಗೆ ಬಂದರೆ ತಕ್ಷಣ ಬಲಗೈ ಮೇಲೆತ್ತಿ ‘ರದ್ದು’ ಎನ್ನಿ!” ಉಲ್ಲಾಸನ ಮೈ ಜುಂ ಎಂದಿತು. ಸುಜಯ್‌ನ ಮದುವೆ ಯಾಕೆ ಆಗುತ್ತಿಲ್ಲ ಎಂಬ ಮಹಾಪ್ರಶ್ನೆಗೆ ಉತ್ತರ ಅಲ್ಲಿ ಕೋಟು ಹಾಕಿಕೊಂಡು ನಿಂತಿತ್ತು.

ಸಂಜೆ ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ. (ಮನೆಯೊಳಗೆ ಇವರಾಡುವುದು ಅರೆಭಾಷೆ. ಓದುವವರೆಲ್ಲರಿಗೂ ತಿಳಿಯಲೆಂದು ಇಲ್ಲಿ ಊರ ಕನ್ನಡಕ್ಕೆ ಇಳಿಸಿದೆ.)

“ಇವತ್ತಿನಿಂದ ಈ ಮನೆಯಲ್ಲಿ ಇಲ್ಲ ಎಂಬುದೇ ಇಲ್ಲ!”

“ಅದರಲ್ಲೇ ಎರಡು ಆಯ್ತಲ್ಲ,” ಎಂದಳು ಹೆಂಡತಿ ನವ್ಯಾ, ದೋಸೆ ಮಗುಚುತ್ತಾ.

“ರದ್ದು! ರದ್ದು!” ಎಂದು ಉಲ್ಲಾಸ ಕೈ ಎತ್ತಿದ. “ತಮಾಷೆ ಸಾಕು. ಸುಜಯ್‌ಗೆ ಹುಡುಗಿ ಸಿಗ್ಬೇಕಾದ್ರೆ ಈ ಮನೆಯ ಮಾತು ಸುಧಾರಿಸ್ಬೇಕು. ಇಲ್ಲ, ಅಲ್ಲ, ಬೇಡ ಮೂರೂ ಬಂದ್.”

“ತುಳುವಲ್ಲಿ ಇಜ್ಜಿ ಹೇಳ್ಬಹುದಾ?”

“ರದ್ದು!”

“ನಮ್ಮ ಭಾಷೆದು ಇಲ್ಲೆ?”

“ರದ್ದು!”

“ಮತ್ತೆ ಮನೆಯಲ್ಲಿ ಸಾಮಾನು ಮುಗಿದ್ರೆ ನಾನು ಎಂತ ಹೇಳುದು ಮಾರಾಯ್ರೆ? ಕುಣಿದು ತೋರಿಸುದಾ?”

ಆಗ ಒಳಕೋಣೆಯಿಂದ ತಾಯಿ ದುಗ್ಗಮ್ಮನ ಧ್ವನಿ ಬಂತು. “ತುಂಬಿದೆ ಹೇಳು.”

ದುಗ್ಗಮ್ಮನಿಗೆ ಮಗನ ಶಿಬಿರದಿಂದ ನಿಜಕ್ಕೂ ಸಂತೋಷವಾಗಿತ್ತು. “ನಮ್ಮ ಕಾಲದಲ್ಲಿ ಅಕ್ಕಿ ಖಾಲಿ ಆಯ್ತು ಅಂತ ಬಾಯಿಬಿಟ್ಟು ಹೇಳ್ಲಿಕ್ಕೆ ಉಂಟಾ? ಲಕ್ಷ್ಮಿ ಎದ್ದು ಹೋಗ್ತಾಳೆ. ‘ಅಕ್ಕಿ ತುಂಬಿದೆ’ ಹೇಳುದು. ಕುಂಕುಮ ಮುಗಿದ್ರೆ ಕುಂಕುಮ ತುಂಬಿದೆ. ಗಂಡಸರು ಚೀಲ ಹಿಡ್ಕೊಂಡು ಸೀದಾ ಪೇಟೆಗೆ ಹೋಗ್ತಿದ್ರು. ಈಗಿನವರಿಗೆ ಶಿಬಿರ ಬೇಕು.”

ಉಲ್ಲಾಸ ರೋಮಾಂಚನಗೊಂಡ. ತರಬೇತುದಾರರು ಕಂಡುಹಿಡಿದದ್ದನ್ನು ತನ್ನ ಅಜ್ಜಿಯಂದಿರು ಕೋಟು ಹಾಕದೆಯೇ ಕಂಡುಹಿಡಿದಿದ್ದರು! ಅಂದಿನಿಂದ ‘ತುಂಬಿದೆ’ ಆ ಮನೆಯ ರಾಷ್ಟ್ರಭಾಷೆಯಾಯಿತು. ಹಾಲು ತುಂಬಿತು, ಸೋಪು ತುಂಬಿತು, ಫೋನಿನ ಚಾರ್ಜು ತುಂಬಿತು. ಒಂದು ಮಧ್ಯಾಹ್ನ ನವ್ಯಾ ‘ಟ್ಯಾಂಕಿ ತುಂಬಿದೆ’ ಎಂದಳು. ಉಲ್ಲಾಸ ವಿಧೇಯ ಗಂಡನಾಗಿ ಓಡಿಹೋಗಿ ಪಂಪು ಹಾಕಿದ. ಆಗ ತಾನೇ ಒಣಗಿದ್ದ ಬಟ್ಟೆಗಳ ಮೇಲೆ ತಾರಸಿಯಿಂದ ನೀರು ಧೋ ಎಂದು ಸುರಿಯಿತು.

“ಅದು ನಿಜವಾಗಿ ತುಂಬಿದ್ದು!” ಎಂದು ನವ್ಯಾ ಕೂಗಿದಳು.

“ಹಾಗಾದ್ರೆ ‘ನಿಜವಾಗಿ ತುಂಬಿದೆ’ ಅಂತ ಹೇಳ್ಬೇಕಿತ್ತು!”

“ಸುಳ್ಳೇ ತುಂಬುದು, ನಿಜವಾಗಿ ತುಂಬುದು ಅಂತ ಎರಡು ಉಂಟಾ ನಿಮ್ಮ ಶಿಬಿರದಲ್ಲಿ?”

ಸುಜಯ್ ಮಾತ್ರ ಈ ಸುಧಾರಣೆಯ ಬಗ್ಗೆ ಚಕಾರವೆತ್ತಲಿಲ್ಲ. ಉಣ್ಣುತ್ತಿದ್ದ, ವರ್ಕ್‌ಶಾಪಿಗೆ ಹೋಗುತ್ತಿದ್ದ.

ಅಷ್ಟರಲ್ಲಿ ಕಾಣಿಯೂರಿನ ಸಂಬಂಧ ಕೂಡಿ ಬಂತು. ಹುಡುಗಿ ಯಶಸ್ವಿ, ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಫೋಟೋ ಎರಡೂ ಕಡೆಯವರಿಗೆ ಹಿಡಿಸಿತ್ತು. ಭಾನುವಾರ ಹುಡುಗಿಯೂ, ಅವಳ ಅಜ್ಜಿಯೂ, ಸೋದರಮಾವನೂ ಹುಡುಗನ ಮನೆ ನೋಡಲು ಬರುವುದೆಂದು ನಿಶ್ಚಯವಾಯಿತು. ಹಾಗೆ ನಿಶ್ಚಯವಾದ ದಿನ ರಾತ್ರಿ ಊಟಕ್ಕೆ ಕುಳಿತಾಗ ಸುಜಯ್ ತಲೆಯೆತ್ತದೆ ಹೇಳಿದ: “ಇದೂ ತಪ್ಪಿ ಹೋದ್ರೆ ಇನ್ನು ಯಾರ ಎದುರೂ ನನ್ನನ್ನು ಕೂರಿಸ್ಬೇಡಿ.” ಉಲ್ಲಾಸ ‘ರದ್ದು’ ಎನ್ನಲು ಕೈ ಎತ್ತಿದವನು ತಮ್ಮನ ಮುಖ ನೋಡಿ ಇಳಿಸಿದ. ಮರುದಿನ ಸುಜಯ್ ಸುಳ್ಯಕ್ಕೆ ಹೋಗಿ ತಾನೇ ಆರಿಸಿ ಒಂದು ತಿಳಿನೀಲಿ ಅಂಗಿ ತಂದ. ಹಬ್ಬಕ್ಕೂ ಹೊಸ ಅಂಗಿ ಕೇಳದ ಹುಡುಗ. ಅದನ್ನು ಕಂಡು ದುಗ್ಗಮ್ಮನಿಗೆ ಕಣ್ಣು ತುಂಬಿತು. (ಇದು ನಿಜವಾಗಿ ತುಂಬಿದ್ದು.)

ಉಲ್ಲಾಸನೂ ನಿಶ್ಚಯಿಸಿದ: ಈ ಸಲ ತಪ್ಪಬಾರದು. ಅವನು ಎಲ್ಲರನ್ನೂ ಕೂರಿಸಿ ಆಜ್ಞೆ ಹೊರಡಿಸಿದ. “ಭಾನುವಾರ ಅವರು ಬಂದು ಹೋಗುವವರೆಗೆ ಈ ಮನೆಯ ಯಾರ ಬಾಯಿಯಿಂದಲೂ ಒಂದು ‘ಇಲ್ಲ’ ಹೊರಡಬಾರ್ದು. ಸುಜಯ್, ನೀನು ಮಾತಾಡುದೇ ಕಮ್ಮಿ, ಇನ್ನೂ ಕಮ್ಮಿ ಮಾಡು. ಎಲ್ಲ ನಾನು ನೋಡ್ಕೊಳ್ತೇನೆ.”

“ಆಯ್ತು,” ಎಂದ ಸುಜಯ್. ಅಣ್ಣನನ್ನು ಅವನು ಚಿಕ್ಕಂದಿನಿಂದ ನಂಬಿದವನು.

ಶನಿವಾರ ಸಂಜೆ ನವ್ಯಾ “ಗ್ಯಾಸ್ ತುಂಬಿದೆ, ನೋಡಿ” ಎಂದಳು. ಉಲ್ಲಾಸ ಅತಿಥಿಗಳ ಕುರ್ಚಿ ಒರೆಸುತ್ತಿದ್ದ. “ಒಳ್ಳೆದಾಯ್ತು” ಎಂದ. ಭಾನುವಾರ ಹನ್ನೊಂದು ಗಂಟೆಗೆ, ಕೋಳಿ ಸಾರು ಅರ್ಧ ಬೆಂದಿದ್ದಾಗ, ಒಲೆಯ ಉರಿ ಒಮ್ಮೆ ನೀಲಿಯಾಗಿ ನಡುಗಿ ನಂದಿಹೋಯಿತು.

“ನಿನ್ನೆ ಹೇಳಿದೆನಲ್ಲ ತುಂಬಿದೆ ಅಂತ!”

“ನಾನು ನಿಜವಾಗಿ ತುಂಬಿದೆ ಅಂತ ತಿಳ್ಕೊಂಡೆ!”

“ನಿಜವಾಗಿ ಅಂತ ನಾನು ಹೇಳಿದ್ನಾ? ನೀವೇ ಮಾಡಿದ ಕಾನೂನು, ನಿಮ್ಗೇ ಅರ್ಥ ಆಗುದಿ...”

“ರದ್ದು!”

“ಹಿಡ್ಕೊಳ್ಳಿ ಈ ಸೌಟು!” ಎಂದು ನವ್ಯಾ ಸೌಟನ್ನು ಅವನ ಎತ್ತಿದ ಕೈಯಲ್ಲೇ ಇಟ್ಟಳು.

ಅದೇ ಹೊತ್ತಿಗೆ ಫೋನು ಬಂತು. ಕಾಣಿಯೂರಿನವರು ಅರಂತೋಡು ದಾಟಿದ್ದರು, ಇನ್ನು ಕಾಲು ಗಂಟೆಯ ದಾರಿ. ಪಕ್ಕದ ಮನೆಯ ನೆಬೀಸ ಯಾರದೋ ಮದುವೆಗೆಂದು ಬೀಗ ಹಾಕಿ ಹೋಗಿದ್ದರು, ಸಿಲಿಂಡರ್ ಕೇಳಲು ಬೇರೆ ಯಾರೂ ಹತ್ತಿರವಿರಲಿಲ್ಲ. ಉಳಿದದ್ದು ಬಚ್ಚಲಿನಲ್ಲಿ ನೀರು ಕಾಯಿಸುವ ಸೌದೆ ಒಲೆ. ಗಂಡ ಹೆಂಡತಿ ಇಬ್ಬರೂ ಸೇರಿ ಬಿಸಿನೀರ ಹಂಡೆಯನ್ನು ಇಳಿಸಿ, ಕೋಳಿಯ ಪಾತ್ರೆಯನ್ನು ಏರಿಸಿ, ಊದುಕೊಳವೆಯಿಂದ ಊದಿ ಊದಿ ಕೆಮ್ಮುತ್ತಿರುವಾಗ ಅಂಗಳದಲ್ಲಿ ಕಾರು ನಿಂತಿತು. ಉಲ್ಲಾಸ ಮುಖದ ಮಸಿ ಒರೆಸಿಕೊಂಡು ಓಡಿದ. (ಒರೆಸಿದ್ದು ಅರ್ಧ ಮುಖದ್ದು ಮಾತ್ರ ಎಂದು ಆಮೇಲೆ ತಿಳಿಯಿತು.)

ಸೋದರಮಾವ ತೀರ್ಥರಾಮ ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು. ಕುರ್ಚಿಯಲ್ಲಿ ಕೂರುವ ಮೊದಲು ಅದರ ನಾಲ್ಕು ಕಾಲುಗಳನ್ನೂ ನೋಡಿಕೊಂಡರು. ಅಜ್ಜಿ ತೆಳ್ಳಗೆ, ಬೆಳ್ಳಗೆ, ಕಣ್ಣು ಚುರುಕು. ಯಶಸ್ವಿ ನವ್ಯಾಳನ್ನು ನೋಡಿ ನಕ್ಕಳು, ಸುಜಯ್‌ನನ್ನು ನೋಡಿ ನಗಲಿಲ್ಲ, ಆದರೆ ಎರಡನೆಯ ಸಲ ನೋಡಿದಳು. ಉಲ್ಲಾಸ ಅದನ್ನು ಶುಭಶಕುನವೆಂದು ಲೆಕ್ಕ ಹಾಕಿದ. ದುಗ್ಗಮ್ಮ ಬೆಲ್ಲ ನೀರು ತಂದಿಟ್ಟರು.

“ಕಾಲು ತೊಳ್ಕೊಂಡು ಬರ್ತೇನೆ,” ಎಂದು ಮೇಷ್ಟ್ರು ಎದ್ದರು. ಯಾರೂ ತಡೆಯುವ ಮೊದಲೇ ಬಚ್ಚಲಿಗೆ ಹೋದರು. ಬಹಳ ನಿಧಾನವಾಗಿ ಹಿಂತಿರುಗಿದರು.

“ಉಲ್ಲಾಸರೇ, ನಿಮ್ಮಲ್ಲಿ ಕೋಳಿಗೆ ಬಿಸಿನೀರ ಸ್ನಾನ ಮಾಡಿಸುವ ಕ್ರಮ ಉಂಟಾ?”

“ಉಂಟು,” ಎಂದ ಉಲ್ಲಾಸ. ಬೇರೆ ಉತ್ತರಕ್ಕೆ ಬೇಕಾದ ಶಬ್ದ ಅವನ ಬಳಿ ಉಳಿದಿರಲಿಲ್ಲ.

ಅಜ್ಜಿ ದುಗ್ಗಮ್ಮನ ಪಕ್ಕ ಕೂತು ಹೆಂಗಸರ ಮಾತಿಗೆ ಇಳಿದರು. “ನೀರಿಗೆಲ್ಲ ಹೇಗೆ ನಿಮ್ಮಲ್ಲಿ? ಬೇಸಿಗೆಯಲ್ಲಿ ಬಾವಿಯಲ್ಲಿ ನೀರು ನಿಲ್ತದಾ?”

“ನಮ್ಮ ಬಾವಿಯಾ?” ದುಗ್ಗಮ್ಮ ಹೆಮ್ಮೆಯಿಂದ ಹೇಳಿದರು. “ತುಂಬಿದೆ.”

ಅಜ್ಜಿಯ ಮುಖ ಸಣ್ಣದಾಯಿತು. “ಅಕ್ಕಿ? ಮನೆದೇ ಉಂಟಲ್ಲ?”

“ಡ್ರಮ್ಮಲ್ಲಿ ಹಾಕಿಟ್ಟಿದ್ದೇವೆ. ತುಂಬಿದೆ.”

“ಶಿವನೇ,” ಎಂದು ಅಜ್ಜಿ ಮೆಲ್ಲನೆ ಹೇಳಿ ದುಗ್ಗಮ್ಮನ ಕೈ ಹಿಡಿದುಕೊಂಡರು.

ಅತ್ತ ಮೇಷ್ಟ್ರು ಉಲ್ಲಾಸನನ್ನು ವಿಚಾರಿಸುತ್ತಿದ್ದರು. “ಹುಡುಗನ ವರ್ಕ್‌ಶಾಪಿಗೆ ಗಿರಾಕಿ ಹೇಗೆ?”

“ಬೆಳಿಗ್ಗೆಯಿಂದ ಸಂಜೆವರೆಗೆ ತುಂಬಿದೆ ಮಾಸ್ಟ್ರೆ!”

ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಉಲ್ಲಾಸ ಅದನ್ನು ಓರೆಗಣ್ಣಿನಿಂದ ಕಂಡ. ಪಾಪ, ಮೊಮ್ಮಗಳಿಗೆ ಇಂಥ ಮನೆ ಸಿಕ್ಕಿತಲ್ಲ ಎಂದು ಆನಂದಬಾಷ್ಪ! ಅವನ ಉತ್ಸಾಹ ನೊರೆಗಟ್ಟಿತು. ಮನೆಯಲ್ಲಿ ಪಾತ್ರೆಪಗಡಿ ತುಂಬಿದೆ, ಊರಿನಲ್ಲಿ ನೆಂಟರಿಷ್ಟರು ತುಂಬಿದ್ದಾರೆ, ಅತ್ತೆ ಸೊಸೆಗೆ ಒಳಗೊಳಗೆ ಪ್ರೀತಿ ತುಂಬಿದೆ ಎಂದು ಒಂದರ ಮೇಲೊಂದು ಪೇರಿಸಿದ. ಪ್ರತಿ ‘ತುಂಬಿದೆ’ಗೂ ಅಜ್ಜಿ ಯಶಸ್ವಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತ ನವ್ಯಾಳಿಗೆ ಏನೋ ವಾಸನೆ ಬಡಿಯಿತು. ಅವಳು ಕಣ್ಣಿನಲ್ಲೇ ಗಂಡನಿಗೆ ಸನ್ನೆ ಮಾಡಿದಳು. ಉಲ್ಲಾಸ ಕೋಳಿ ಸೀದಿರಬೇಕೆಂದುಕೊಂಡ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಧ್ವನಿ ತಗ್ಗಿಸಿದರು. “ಈಗ ಒಂದು ಮಾತು. ತಪ್ಪು ತಿಳ್ಕೊಳ್ಳುದು ಬೇಡ.”

ಉಲ್ಲಾಸನ ಬಲಗೈ ತಾನಾಗಿಯೇ ಮೇಲೇರಿತು. ಅರ್ಧದಾರಿಯಲ್ಲಿ ಅದನ್ನು ಹಿಡಿದು ಕಿವಿ ತುರಿಸಿಕೊಂಡ.

“ಹುಡುಗನಿಗೆ ಕುಡಿಯುವ ಅಭ್ಯಾಸ ಎಂತಾದ್ರೂ ಉಂಟಾ?”

ಸುಜಯ್ ಹೆಂಡದ ಬಾಟ್ಲಿಯ ಮುಚ್ಚಳವನ್ನೂ ಮೂಸಿದವನಲ್ಲ. ಈ ಪ್ರಶ್ನೆಗೆ ಭೂಮಿಯ ಮೇಲೆ ಒಂದೇ ಉತ್ತರ, ಅದೂ ಎರಡೇ ಅಕ್ಷರ. ಆ ಎರಡಕ್ಷರವನ್ನು ಉಲ್ಲಾಸ ಪುತ್ತೂರಿನಲ್ಲಿ ಬಿಟ್ಟು ಬಂದಿದ್ದ. ಹೇಳಿಬಿಡಲೇ? ಒಂದು ಹೇಳಿದರೆ ಹಿಂದಿನ ಸಂಬಂಧಗಳ ಹಾಗೆ ಸಾಲುಗಟ್ಟಿ ಬರುತ್ತವೆ. ಬಾಗಿಲಲ್ಲಿ ನಿಂತಿದ್ದ ತಿಳಿನೀಲಿ ಅಂಗಿಯ ಕಡೆ ಒಮ್ಮೆ ನೋಡಿದ.

“ಕುಡಿಯುದಾ... ಚಾ ಕುಡಿತಾನೆ. ಮಜ್ಜಿಗೆ ಕುಡಿತಾನೆ...”

“ನಾನು ಕೇಳಿದ್ದು ಮಜ್ಜಿಗೆ ಅಲ್ಲ.”

ಕೈ ಮತ್ತೆ ಕಿವಿಗೆ ಹೋಯಿತು. ಆಗ ದುಗ್ಗಮ್ಮ ಮಗನ ಕಷ್ಟ ನೋಡಲಾರದೆ ರಕ್ಷಣೆಗೆ ಧಾವಿಸಿದರು. ಹಿರಿಯರ ಪದ್ಧತಿ ಇರುವಾಗ ಭಯ ಯಾಕೆ? ಎಲ್ಲರಿಗೂ ಕೇಳುವ ಹಾಗೆ, ಎದೆಯುಬ್ಬಿಸಿ ಹೇಳಿದರು:

“ಕುಡಿತ, ಗುಟ್ಕಾ ಎಲ್ಲ ನಮ್ಮ ಸುಜಯ್‌ಗೆ ತುಂಬಿದೆ ಮಾಸ್ಟ್ರೆ!”

ಮೇಷ್ಟ್ರಿಗೆ ಬಾಯಲ್ಲಿದ್ದ ಬೆಲ್ಲ ನೆತ್ತಿಗೆ ಹತ್ತಿತು. ಅಜ್ಜಿಯ ಮುಖ ಮಾತ್ರ ಅವತ್ತು ಮೊದಲ ಸಲ ಅರಳಿತು.

“ಸಾಕು, ಅಷ್ಟು ಸಾಕು ನಂಗೆ,” ಎಂದರು ಅಜ್ಜಿ. “ಬಡತನ ಇದ್ರೆ ಇರ್ಲಿ. ಹುಡುಗ ಒಳ್ಳೆವ.”

“ಎಂತ ಬಡತನ ಅಮ್ಮ?” ಮೇಷ್ಟ್ರು ಕೆಮ್ಮುತ್ತಾ ಕೇಳಿದರು. “ಎಲ್ಲ ತುಂಬಿದೆ ಅಂತಾರೆ. ಕುಡಿತವೂ ತುಂಬಿದೆಯಂತೆ, ಕೇಳ್ಲಿಲ್ವಾ ನಿಂಗೆ?”

“ನಿಂಗೆ ಲೆಕ್ಕ ಮಾತ್ರ ಗೊತ್ತು. ಮರ್ಯಾದಸ್ಥರು ಬಾಯಿಬಿಟ್ಟು ಇಲ್ಲ ಹೇಳುದಿಲ್ಲ, ತುಂಬಿದೆ ಹೇಳುದು. ಬಾವಿಯಲ್ಲಿ ನೀರಿಲ್ಲ, ಮನೆಯಲ್ಲಿ ಅಕ್ಕಿಯಿಲ್ಲ, ವರ್ಕ್‌ಶಾಪಿಗೆ ಜನವಿಲ್ಲ. ಒಲೆಗೂ ಗತಿಯಿಲ್ಲದೆ ಬಚ್ಚಲಲ್ಲಿ ಬೇಯಿಸ್ತಾ ಇದ್ದಾರೆ ಪಾಪ. ಆದ್ರೆ ಹುಡುಗನಿಗೆ ಕುಡಿತವೂ ಇಲ್ಲ.”

ಉಲ್ಲಾಸನಿಗೆ ಈಗ ಆನಂದಬಾಷ್ಪದ ಅರ್ಥವಾಯಿತು.

“ಅಜ್ಜಿ, ನಮ್ಮ ಬಾವಿ ನಿಜವಾಗಿ ತುಂಬಿದೆ!”

“ಗೊತ್ತುಂಟು ಮಗಾ.”

“ನಿಜವಾಗಿ! ನಿಜವಾಗಿ!”

“ಗೊತ್ತುಂಟು. ನಮ್ಮದೂ ಒಂದು ವರ್ಷ ಹಾಗೆ ತುಂಬಿತ್ತು. ಟ್ಯಾಂಕರಿನವ ಬಂದು ನೀರು ಹಾಕಿದ.”

ಇನ್ನು ಮಾತಿನಿಂದ ಕೆಲಸ ಸಾಗದು. ಉಲ್ಲಾಸ ಅಜ್ಜಿಯ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದ. ಹಿಂದೆ ಮೇಷ್ಟ್ರು, ಯಶಸ್ವಿ, ನವ್ಯಾ, ದುಗ್ಗಮ್ಮ, ಕೊನೆಯಲ್ಲಿ ಸುಜಯ್, ಹೀಗೆ ಮೆರವಣಿಗೆ ಸಾಗಿತು. ಅಜ್ಜಿ ಕಟ್ಟೆ ಹಿಡಿದು ಬಗ್ಗಿ ನೋಡಿದರು. ಬಾವಿಯಲ್ಲಿ ನೀರು ಕೈಗೆಟಕುವಷ್ಟು ಮೇಲಿತ್ತು. ಬರುವಾಗ ಉಲ್ಲಾಸ ಅಕ್ಕಿಯ ಡ್ರಮ್ಮಿನ ಮುಚ್ಚಳವನ್ನೂ ತೆಗೆದು ತೋರಿಸಿದ. ಕಂಠಮಟ್ಟ ಅಕ್ಕಿ. ಗೆದ್ದೆನೆಂಬ ಸಂತೋಷದಲ್ಲಿ ಅವನು ಎರಡೂ ಕೈಯಿಂದ ಅಕ್ಕಿ ಬಾಚಿ ತೋರಿಸಿದ.

ಅಜ್ಜಿ ಅಕ್ಕಿ ನೋಡಿದರು. ಉಲ್ಲಾಸನ ಮುಖ ನೋಡಿದರು. ಮೆಲ್ಲನೆ ಕೇಳಿದರು: “ಹಾಗಾದ್ರೆ ನಿಮ್ಮಲ್ಲಿ ತುಂಬಿದೆ ಅಂದ್ರೆ ತುಂಬಿದೆ?”

“ಹೌದಜ್ಜಿ! ಪೂರ್ತಿ!”

“ಮತ್ತೆ ಕುಡಿತ?”

ಉಲ್ಲಾಸನ ಕೈಯಿಂದ ಅಕ್ಕಿ ಉದುರಿತು.

“ನಾನು ಆಗಲೇ ಹೇಳಿದೆ,” ಎಂದರು ಮೇಷ್ಟ್ರು. “ಬಾವಿಗೊಂದು ನ್ಯಾಯ, ಬಾಟ್ಲಿಗೊಂದು ನ್ಯಾಯ ಉಂಟಾ? ತುಂಬಿದೆ ಅಂದ್ರೆ ತುಂಬಿದೆ.”

“ಬಾಟ್ಲಿಯ ತುಂಬಿದೆ ಬೇರೆ ಮಾಸ್ಟ್ರೆ,” ಎಂದರು ದುಗ್ಗಮ್ಮ ಕಂಗಾಲಾಗಿ. “ಅದು ಹಳೇ ಕ್ರಮದ್ದು. ಬಾವಿದು ಹೊಸ ಕ್ರಮದ್ದು.”

ಈ ವಿವರಣೆಯಿಂದ ಯಾರಿಗೂ ಸಮಾಧಾನವಾಗಲಿಲ್ಲ. ಎಲ್ಲರೂ ಚಾವಡಿಗೆ ಬಂದರು, ಯಾರೂ ಕೂರಲಿಲ್ಲ. ಮೇಷ್ಟ್ರು ಕಾರಿನ ಕೀಲಿಗಾಗಿ ಕಿಸೆ ತಡಕಿದರು. ಸುಜಯ್ ಗೋಡೆಗೆ ಒರಗಿ ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು, ಆದರೂ ಅಣ್ಣ ಹೇಗಾದರೂ ಸರಿಮಾಡುತ್ತಾನೆಂಬ ಹಾಗೆ ಉಲ್ಲಾಸನನ್ನೇ ನೋಡುತ್ತಿದ್ದ.

ಆಗ ಯಶಸ್ವಿ ಮೊದಲ ಸಲ ಬಾಯಿ ತೆರೆದಳು. “ಮಾವ, ಒಂದು ನಿಮಿಷ. ನನ್ನದೊಂದು ಪ್ರಶ್ನೆ ಉಂಟು, ಕೇಳಿಯೇ ಹೋಗ್ತೇನೆ. ಮದುವೆ ಆದ ಮೇಲೆ ನಾನು ಕೆಲಸ ಬಿಡ್ಬೇಕಾ?”

ಎಲ್ಲರೂ ಮನೆಯ ಹಿರಿಮಗನ ಕಡೆ ತಿರುಗಿದರು. ‘ಮುಂದುವರಿಸಿ’ ಎಂಬ ಸಾದಾ ಶಬ್ದವೊಂದು ಕನ್ನಡದಲ್ಲಿತ್ತು. ಅದು ಉಲ್ಲಾಸನಿಗೆ ಹೊಳೆದದ್ದು ಮರುದಿನ ಹಲ್ಲುಜ್ಜುವಾಗ. ಆ ಹೊತ್ತಿಗೆ ಅವನ ಬಾಯಿಗೆ ಬಂದದ್ದು ಇಷ್ಟೇ:

“ನಮ್ಮ ಮನೆಯಲ್ಲಿ ಹೆಂಗಸರಿಗೆ ಸ್ವಾತಂತ್ರ್ಯ ತುಂಬಿದೆ!”

“ಅದು ಯಾವ ತುಂಬಿದೆ?” ಎಂದಳು ಯಶಸ್ವಿ. “ಬಾವಿದಾ, ಬಾಟ್ಲಿದಾ?”

“ಬಾವಿದು,” ಎಂದ ಉಲ್ಲಾಸ. “ಅಂದ್ರೆ ಬಾಟ್ಲಿ... ಎಂತಂದ್ರೆ...”

“ಹೊರಡುವ,” ಎಂದರು ಮೇಷ್ಟ್ರು. ಅವರ ಕೈಗೆ ಕೀಲಿ ಸಿಕ್ಕಿತ್ತು. ದುಗ್ಗಮ್ಮ ಅಜ್ಜಿಯ ಕೈ ಹಿಡಿದುಕೊಂಡರು, ಅಜ್ಜಿ ಮೆಲ್ಲನೆ ಬಿಡಿಸಿಕೊಂಡರು. ಎಲ್ಲವೂ ಮುಗಿಯಿತೆಂದು ಉಲ್ಲಾಸ ಕಣ್ಣು ಮುಚ್ಚಿಕೊಂಡ.

“ಇಲ್ಲ.”

ಗೋಡೆಯ ಕಡೆಯಿಂದ ಬಂದ ಮಾತು. ಸುಜಯ್ ನೆಟ್ಟಗೆ ನಿಂತಿದ್ದ.

“ಕೆಲಸ ಬಿಡ್ಬೇಕಂತ ಇಲ್ಲ.”

“ರದ್ದು!” ಎಂದ ಉಲ್ಲಾಸ, ಕಣ್ಣು ಮುಚ್ಚಿದಲ್ಲಿಂದಲೇ.

“ನಾನು ಕುಡಿಯುದಿಲ್ಲ.”

“ರದ್ದು!”

“ಗುಟ್ಕಾ ತಿನ್ನುದಿಲ್ಲ.”

“ರದ್ದು! ರದ್ದು!”

“ಸರಕಾರಿ ಕೆಲಸ ಇಲ್ಲ, ಕಾರು ಇಲ್ಲ, ಬೆಂಗಳೂರಲ್ಲಿ ಸೈಟ್ ಇಲ್ಲ. ಇವತ್ತು ಮನೆಯಲ್ಲಿ ಗ್ಯಾಸ್ ಕೂಡ ಇಲ್ಲ, ಅದಕ್ಕೆ ಕೋಳಿ ಬಚ್ಚಲಲ್ಲಿ ಉಂಟು. ನೀರುಂಟು, ಅಕ್ಕಿ ಉಂಟು, ನಂಗೆ ಕೈತುಂಬ ಕೆಲಸ ಉಂಟು. ಅಣ್ಣ ಕೆಟ್ಟವ ಅಲ್ಲ. ಆದ್ರೆ ಶಿಬಿರಕ್ಕೆ ಹೋಗಿ ಬಂದ ಮೇಲೆ ಅವನ ತಲೆ ಸರಿ ಇಲ್ಲ.”

ಹುಟ್ಟಿದ ಮೇಲೆ ಸುಜಯ್ ಇಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ್ದು ಇದೇ ಮೊದಲು. ಕೊನೆಯ ‘ಇಲ್ಲ’ಕ್ಕೆ ಉಲ್ಲಾಸನ ‘ರದ್ದು’ ಗಂಟಲಿನಿಂದ ಹೊರಡಲೇ ಇಲ್ಲ. ಕೈ ಮಾತ್ರ ಎತ್ತಿದಲ್ಲೇ ಇತ್ತು. ಒಂದರ ಹಿಂದೊಂದು ಇಷ್ಟು ‘ಇಲ್ಲ’! ಹಿಂದಿನ ಸಂಬಂಧಗಳು ಇದರ ಅರ್ಧಕ್ಕೇ ಕಾರು ಹತ್ತಿದ್ದವು.

ಯಶಸ್ವಿ ಸುಜಯ್‌ನನ್ನು ನೇರವಾಗಿ ನೋಡಿದಳು.

“ಕೋಳಿ ಬೆಂದಿದೆಯಾ?” ಎಂದು ಕೇಳಿದಳು.

“ಇಲ್ಲ,” ಎಂದ ಸುಜಯ್.

ಅವಳು ನಕ್ಕಳು. “ಮಾವ, ಕೀಲಿ ಒಳಗೆ ಇಡಿ. ಬೇಯುವವರೆಗೆ ಕೂತು ಮಾತಾಡುವ.”

ನವ್ಯಾ ಒಂದು ಕ್ಷಣ ತಡೆದುಕೊಂಡಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಬಚ್ಚಲಿಗೆ ಓಡಿದಳು. ಅಲ್ಲಿಂದ ಕೇಳಿಬಂದದ್ದು ಊದುಕೊಳವೆಯ ಸದ್ದೋ, ನಗುವೋ ಹೇಳುವುದು ಕಷ್ಟ. ಕೋಳಿ ಬೇಯಲು ಸುಮಾರು ಹೊತ್ತು ಹಿಡಿಯಿತು. ಅಷ್ಟರೊಳಗೆ ಸುಜಯ್ ಯಶಸ್ವಿಗೆ ತನ್ನ ವರ್ಕ್‌ಶಾಪಿನ ವಿಷಯ ಹೇಳಿದ, ಯಶಸ್ವಿ ತನ್ನ ರೋಗಿಗಳ ವಿಷಯ ಹೇಳಿದಳು. ಇಬ್ಬರೂ ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎಂದೇ ಹೇಳುತ್ತಿದ್ದರು. ಉಲ್ಲಾಸ ಮೂಲೆಯಲ್ಲಿ ಕೂತು ಪ್ರತಿಯೊಂದಕ್ಕೂ ಬೆಚ್ಚಿಬೀಳುತ್ತಿದ್ದ.

ಹೊಗೆಯ ವಾಸನೆಯ ಕೋಳಿ ಸಾರಿಗೆ ಅಕ್ಕಿ ರೊಟ್ಟಿ ಅದ್ದಿ ಉಂಡು, ಕೈ ತೊಳೆದು, ಮೇಷ್ಟ್ರು ತೀರ್ಪು ಕೊಟ್ಟರು. “ನಮ್ಮ ಕಡೆಯಿಂದ ಆಗ್ಬಹುದು. ಇಲ್ಲದ್ದನ್ನು ಇಲ್ಲ ಹೇಳುವ ಹುಡುಗ ಈಗ ಸಿಗುದು ಅಪರೂಪ. ಉಲ್ಲಾಸರೇ, ನಿಮ್ಮದು ಎಂತಾದ್ರೂ ತಕರಾರು ಉಂಟಾ?”

ಉಲ್ಲಾಸನ ಬಾಯಿ ತೆರೆಯಿತು. ಅದರಿಂದ ಏನು ಹೊರಡುತ್ತದೆಂದು ನವ್ಯಾಳಿಗೆ ಗೊತ್ತಿತ್ತು. ಅವಳು ಚಕ್ಕನೆ ಒಂದು ದೊಡ್ಡ ಬಾಳೆಹಣ್ಣನ್ನು ಸುಲಿದು ಆ ಬಾಯಿಗೆ ತುರುಕಿದಳು.

“ಅವರಿಗೆ ಒಂದೂ ತಕರಾರು ಇಲ್ಲ,” ಎಂದಳು. “ಇಲ್ಲವೇ ಇಲ್ಲ.”

“ಮುಂದಿನ ಮಾತುಕತೆಗೆ ಯಾರಿಗೆ ಫೋನ್ ಮಾಡುದು?” ಎಂದರು ಮೇಷ್ಟ್ರು.

“ನಂಗೆ,” ಎಂದಳು ನವ್ಯಾ.

ದುಗ್ಗಮ್ಮ ದೇವರ ಕೋಣೆಗೆ ಹೋಗಿ ದೀಪ ಹಚ್ಚಿ ಬಂದರು. ಉಲ್ಲಾಸನಿಗೆ ಸಂತೋಷವಾಗಿತ್ತು, ಬಾಳೆಹಣ್ಣಿನಿಂದಾಗಿ ಅದನ್ನು ಹೇಳಲಾಗಲಿಲ್ಲ. ತಮ್ಮನ ಮದುವೆ ಕುದುರಿತಲ್ಲ, ಅಷ್ಟು ಸಾಕು. ಆದರೆ ಒಳಗೊಳಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಇಷ್ಟು ದಿನ ತಾನು ಪಟ್ಟ ಪಾಡಿಗೆ, ಮಾಡಿದ ಸುಧಾರಣೆಗೆ, ಒಬ್ಬರಾದರೂ ಒಂದು ಒಳ್ಳೆಯ ಮಾತು ಹೇಳಬಾರದೇ?

ಹೊರಡುವಾಗ ಅಜ್ಜಿ ಕಾರಿನ ಬಾಗಿಲವರೆಗೆ ಹೋದವರು ತಿರುಗಿ ಬಂದರು. ಮಸಿ ಮೆತ್ತಿದ ಉಲ್ಲಾಸನ ಗಲ್ಲವನ್ನು ಎರಡೂ ಕೈಯಿಂದ ಹಿಡಿದು, ಬಹಳ ಪ್ರೀತಿಯಿಂದ ಹೇಳಿದರು:

“ನಿಂಗೆ ಬುದ್ಧಿ ತುಂಬಿದೆ ಮಗಾ.”

ಉಲ್ಲಾಸ ಎರಡು ಮೆಟ್ಟಿಲು ಒಟ್ಟಿಗೆ ಹಾರಿ ಒಳಗೆ ಬಂದ. “ನವ್ಯಾ, ಕೇಳಿದ್ಯಾ? ಮನೆಯಲ್ಲಿ ಯಾರಿಗೂ ಕಾಣದ್ದು ಆ ಅಜ್ಜಿಗೆ ಕಂಡಿತು! ನಂಗೆ ಬುದ್ಧಿ ತುಂಬಿದೆಯಂತೆ!”

ನವ್ಯಾ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ತಲೆಯೆತ್ತಿದಳು.

“ಯಾವ ತುಂಬಿದೆ ಅಂತ ಕೇಳಿದ್ರಾ?”

ಉಲ್ಲಾಸ ಹೊರಗೆ ಓಡಿದ. ಕಾರು ಸುಳ್ಯದ ಕಡೆಯ ತಿರುವು ದಾಟಿ ಹೋಗಿಯಾಗಿತ್ತು.